ಜಡೆ ಹೆಣೆದ ಐದು ಕಾಯಿ

ತಿಪಟೂರಿನ ಕಡೆ ಲಗ್ನಪತ್ರಿಕೆಯಲ್ಲಿ ‘ಆರತಕ್ಷತೆ ಸಂಜೆ ಆರೂವರೆಗೆ’ ಎಂದು ಅಚ್ಚಾಗಿದ್ದರೆ ಅದನ್ನು ಎಂಟು ಗಂಟೆ ಎಂದು ಓದಿಕೊಳ್ಳಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಆರೂವರೆಗೇ ಛತ್ರಕ್ಕೆ ಹೋದವರಿಗೆ ಸಿಗುವುದು ಕುರ್ಚಿ ಜೋಡಿಸುವವರು, ಮೈಕು ತಟ್ಟಿ ‘ಹಲೋ ಹಲೋ’ ಎನ್ನುವವನು, ಉಂಡು ಕೊನೇ ಬಸ್ಸು ಹಿಡಿಯಬೇಕಾದ ದೂರದ ನೆಂಟರು, ಇಷ್ಟೇ. ಹೆಣ್ಣು ಬ್ಯೂಟಿಪಾರ್ಲರಿನಿಂದ ಬರುವುದೇ ಏಳೂಮುಕ್ಕಾಲಿಗೆ. ದಾನೇಶ್ವರಿಗೆ ನಲವತ್ತೆರಡು ವರ್ಷ. ಅಷ್ಟರಲ್ಲಿ ಇನ್ನೂರು ಮುನ್ನೂರು ಆರತಕ್ಷತೆಯ ಊಟ ಉಂಡಿದ್ದಾಳೆ. ಒಂದಕ್ಕಾದರೂ ಹೊತ್ತಿಗೆ ಮುಂಚೆ ಹೋಗಿ ನಗೆಪಾಟಲಾದವಳಲ್ಲ. ಆ ಅನುಭವವೇ ಕೊಚ್ಚಿಯಲ್ಲಿ ಅವಳಿಗೆ ಮುಳುವಾಯಿತು.

ಮದುವೆ ಅವಳ ಪ್ರಾಣದ ಗೆಳತಿ ಸುನಂದಾಳದು. ಇಬ್ಬರೂ ಹಾಲ್ಕುರಿಕೆಯಲ್ಲಿ ಹುಟ್ಟಿ, ಒಂದೇ ಬೆಂಚಿನಲ್ಲಿ ಕೂತು, ಒಂದೇ ದಿನ ಹಲ್ಲು ಬೀಳಿಸಿಕೊಂಡವರು. ಬೇಸಿಗೆ ರಜೆ ಬಂದರೆ ದಾನೇಶ್ವರಿಯ ಅಪ್ಪನ ಕೊಬ್ಬರಿ ಮನೆಯಲ್ಲಿ ಅವರಿಬ್ಬರದೇ ಕಾರುಬಾರು. ಸಿಪ್ಪೆಸಮೇತ ಕಾಯಿಯನ್ನು ಅಟ್ಟಕ್ಕೆ ತುಂಬಬೇಕು. ಅಲ್ಲಿ ವರ್ಷದ ಹತ್ತಿರ ಬಿದ್ದಿದ್ದು, ಒಳಗಿನ ನೀರು ಇಂಗಿ ಅದು ಕೊಬ್ಬರಿಯಾಗಬೇಕು. ಏಣಿ ಹತ್ತಿ ಒಂದೊಂದೇ ಕಾಯಿ ಇಟ್ಟು ಬರುವುದಕ್ಕೆ ಯಾರಿಗೆ ಪುರಸೊತ್ತಿದೆ? ಕೆಳಗೆ ನಿಂತವರು ಎಸೆಯಬೇಕು, ಮೇಲೆ ನಿಂತವರು ಹಿಡಿಯಬೇಕು. ಕೆಳಗೆ ದಾನೇಶ್ವರಿ, ಮೇಲೆ ಸುನಂದಾ. ಹದಿನೈದಡಿ ಎತ್ತರ. ಎರಡು ರಜೆ ಕಳೆಯುವುದರೊಳಗೆ ದಾನೇಶ್ವರಿ ಮುಖ ಆಚೆ ತಿರುಗಿಸಿ ಎಸೆದರೂ ಕಾಯಿ ಹೋಗಿ ಸುನಂದಾಳ ಕೈಯಲ್ಲೇ ಕೂರುತ್ತಿತ್ತು. ಗಂಡಾಳುಗಳು ಬೀಡಿ ಸೇದುವುದನ್ನು ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದರು.

ಸುನಂದಾಳಿಗೆ ಐದು ತುಂಬುವ ಮೊದಲೇ ತಾಯಿ ತೀರಿಕೊಂಡಿದ್ದಳು. ಸ್ಕೂಲಿಗೆ ಹೋಗುವಾಗ ಎಲ್ಲ ಹುಡುಗಿಯರಿಗೂ ಎರಡು ಜಡೆ, ಇವಳಿಗೆ ಮಾತ್ರ ಕೆದರಿದ ತಲೆ. ಅಳುತ್ತಿದ್ದ ತಂಗಿಯನ್ನು ನೋಡಲಾರದೆ ಅಣ್ಣ ಬಸವರಾಜು ಜಡೆ ಹಾಕುವುದನ್ನು ಕಲಿಯಲು ಹೊರಟ. ಅವನಿಗಾಗ ಹನ್ನೊಂದು ವರ್ಷ. ಹೆಂಗಸರನ್ನು ಕೇಳಲು ನಾಚಿಕೆ. ಸುಲಿದು ಜುಟ್ಟು ಬಿಟ್ಟ ಪೂಜೆಯ ಕಾಯಿಯನ್ನು ತೊಡೆಗಳ ನಡುವೆ ಇಟ್ಟುಕೊಂಡು, ಆ ನಾರಿನ ಜುಟ್ಟನ್ನೇ ಮೂರು ಎಳೆ ಮಾಡಿ ಹೆಣೆದು ಹೆಣೆದು ಕೈ ಕುದುರಿಸಿಕೊಂಡ. ಕಾಯಿಯ ಮೇಲೆ ಪಾಸಾದ ಮೇಲೆ ತಂಗಿಯ ತಲೆಗೆ ಬಂದ. ಹತ್ತನೇ ಕ್ಲಾಸಿನವರೆಗೂ ಸುನಂದಾಳ ಜಡೆ ಅಣ್ಣನೇ ಹಾಕಿದ್ದು. ಅವರ ಮನೆಯಲ್ಲಿ ದೇವರಿಗೆ ಒಡೆಯುವ ಕಾಯಿಗೂ ಜಡೆ ಇರುತ್ತಿತ್ತು, ಊರವರು ನಗುತ್ತಿದ್ದರು.

ಆಮೇಲೆ ಯಾಕೋ ಸುನಂದಾಳಿಗೆ ಮದುವೆ ಕೂಡಿಬರಲಿಲ್ಲ. ಅಪ್ಪನ ಕಾಯಿಲೆ, ಆಮೇಲೆ ಬಾರದ ಗಂಡುಗಳು, ಆಮೇಲೆ ವಯಸ್ಸು. ಊರಿನ ಮದುವೆಗಳಲ್ಲೆಲ್ಲ ಅವಳಿಗೆ ಕಾಯಂ ಆದ ಜಾಗವೆಂದರೆ ಛತ್ರದ ಬಾಗಿಲಲ್ಲಿ ತಾಂಬೂಲದ ಚೀಲ ಹಂಚುವ ಮೇಜು. ‘ನಿಂದ್ಯಾವಾಗಮ್ಮ?’ ಎಂದು ಕೇಳಿದವರ ಕೈಗೆ ಒಂದು ಕಾಯಿ ಇಟ್ಟು ಸಾಗಹಾಕುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ಇಡೀ ಸೀಮೆಗೆ ಕಾಯಿ ಹಂಚಿದವಳು ಹೋದ ವರ್ಷ ತೆಂಗಿನೆಣ್ಣೆ ತೆಗೆಯುವ ತರಬೇತಿಗೆಂದು ಹತ್ತು ದಿನ ಕೊಚ್ಚಿಗೆ ಹೋದಳು. ತರಬೇತಿಯ ಜಾಗದಿಂದ ಉಳಿದುಕೊಂಡ ಜಾಗಕ್ಕೆ ದಿನಾ ದೋಣಿಯಲ್ಲೇ ಓಡಾಟ. ದೋಣಿ ಓಡಿಸುವವನ ಹೆಸರು ಸುಕುಮಾರನ್, ಐವತ್ತು ವರ್ಷ, ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹತ್ತು ದಿನದಲ್ಲಿ ಅದೇನು ಮಾತಾಡಿಕೊಂಡರೋ, ಯಾವ ಭಾಷೆಯಲ್ಲಿ ಮಾತಾಡಿಕೊಂಡರೋ ಆ ಶಿವನೇ ಬಲ್ಲ. ಊರಿಗೆ ಬಂದ ಮೇಲೆ ಸುನಂದಾ ಒಬ್ಬಳೇ ಇದ್ದಾಗಲೂ ನಗುವುದನ್ನು ದಾನೇಶ್ವರಿ ಕಣ್ಣಾರೆ ಕಂಡಳು.

ಮೂರು ತಿಂಗಳ ಹಿಂದೆ ಮದುವೆ ನೋಂದಣಿ ಕಚೇರಿಯಲ್ಲಿ ಸಹಿಯಾಯಿತು. ಅಣ್ಣನಿಗೆ ಹೇಳಿದ್ದು ಸಹಿಯಾದ ಮಾರನೇ ದಿನ. ಅಲ್ಲಿಗೆ ಬಸವರಾಜು ತಂಗಿಯ ಹೆಸರೆತ್ತುವುದನ್ನು ಬಿಟ್ಟ. ಈಗ ಸುಕುಮಾರನ್ ಜೊತೆ ಕೆಲಸ ಮಾಡುವವರೆಲ್ಲ ಸೇರಿ ಬಂದರಿನಲ್ಲಿ ಸುತ್ತಾಡಿಸುವ ಎರಡು ಅಂತಸ್ತಿನ ದೊಡ್ಡ ಬೋಟನ್ನೇ ಗೊತ್ತುಮಾಡಿ ಅದರಲ್ಲೇ ಆರತಕ್ಷತೆಯ ಊಟ ಇಟ್ಟಿದ್ದರು. ಬೋಟು ಆರೂವರೆಗೆ ಎರ್ನಾಕುಲಂ ದಡದಿಂದ ಹೊರಟು, ಒಂದು ಸುತ್ತು ಹಾಕಿ, ಏಳೂವರೆಗೆ ಆಚೆ ದಡದ ವೈಪೀನಿಗೆ ಹೋಗುತ್ತದೆ. ಅಲ್ಲಿ ಗಂಡಿನ ಎಂಬತ್ತು ವರ್ಷದ ತಾಯಿ ದೀಪ ಹಿಡಿದು ಸೊಸೆಯನ್ನು ಮನೆ ತುಂಬಿಸಿಕೊಳ್ಳುತ್ತಾಳೆ. ಆಮೇಲೆ ಎಲ್ಲರೂ ಮತ್ತೆ ಬೋಟಿಗೆ ಬಂದು ಊಟ.

“ದಾನಿ, ನನ್ನ ಕಡೆಯಿಂದ ಬರೋಳು ಅಂದ್ರೆ ನೀನೊಬ್ಳೇ ಕಣೇ,” ಎಂದಿದ್ದಳು ಸುನಂದಾ ಫೋನಿನಲ್ಲಿ. “ಬರಿಮಡಿಲಲ್ಲಿ ಆ ಹೊಸ್ತಿಲು ದಾಟೋಕೆ ನನ್ ಕೈಲಾಗಲ್ಲ. ಮಡಿಲು ತುಂಬಿಸ್ತೀಯಾ?”

“ತುಂಬಿಸ್ದೆ ಬುಡ್ತೀನಾ! ನಿಮ್ಮ ಮನೆ ಕಾಯಿನೇ ತಂದು ತುಂಬಿಸ್ತೀನಿ,” ಎಂದು ದಾನೇಶ್ವರಿ ಮುಂದೆಹಿಂದೆ ನೋಡದೆ ಮಾತು ಕೊಟ್ಟುಬಿಟ್ಟಳು. ಅವರ ಕಡೆ ಮದುವಣಗಿತ್ತಿ ಗಂಡನ ಮನೆಗೆ ಕಾಲಿಡುವ ಮೊದಲು ಮಡಿಲಿಗೆ ತವರಿನ ಐದು ಕಾಯಿ ಬೀಳಲೇಬೇಕು. ಅಕ್ಕಿ, ಬೆಲ್ಲ, ಬಳೆ ಆಮೇಲಾದರೂ ಆದೀತು.

ಕಾಯಿ ಕೇಳಲು ಹೋದರೆ ಬಸವರಾಜು ಹಸುವಿಗೆ ಹುಲ್ಲು ಹಾಕುತ್ತಿದ್ದವನು ತಿರುಗಿಯೂ ನೋಡಲಿಲ್ಲ.

“ತಿಪಟೂರಲ್ಲಿ ಕಾಯಿಗೆ ಬರ ಬಂದೈತಾ? ಅಂಗಡೀಲಿ ತಗೊಂಡೋಗು.”

“ಅಂಗಡಿ ಕಾಯಿ ತವರಿನ ಕಾಯಿ ಆಯ್ತದಾ ಬಸವಣ್ಣ?”

“ತವರು ಅಂದ್ರೇನು ಅಂತ ಅವಳಿಗೆ ಗೊತ್ತಾ? ವಯಸ್ಸಾದ ಮೇಲೆ ಮದುವೆ ಆದ್ಲು ಅಂತ ನಂಗೆ ಕೋಪ ಇಲ್ಲ ಕಣಮ್ಮ. ದೋಣಿಯೋನು ಅಂತಾನೂ ಇಲ್ಲ. ತಲೆ ಬಾಚಿದ ಕೈ ಇದು, ಒಂದು ಮಾತು ಕೇಳ್ಬಾರ್ದಾಗಿತ್ತಾ?” ಎಂದವನೇ ಹುಲ್ಲಿನ ಹೊರೆ ಅಲ್ಲೇ ಬಿಟ್ಟು ತೋಟದ ಕಡೆ ಹೋಗಿಬಿಟ್ಟ.

ದಾನೇಶ್ವರಿ ಬರಿಗೈಯಲ್ಲಿ ವಾಪಸಾದಳು. ಆದರೆ ಹೊರಡುವ ದಿನ ತಿಪಟೂರು ಸ್ಟೇಷನ್ನಿಗೆ ಬಸವರಾಜುವಿನ ಹೆಂಡತಿ ವನಜಾಕ್ಷಿ ಏದುಸಿರು ಬಿಡುತ್ತಾ ಓಡಿಬಂದಳು. ಕೈಯಲ್ಲಿ ಬಾಯಿ ಬಿಗಿದು ಕಟ್ಟಿದ ಬಟ್ಟೆ ಚೀಲ.

“ಐದೈತೆ. ಬಚ್ಚಲ ಮರದ್ದು,” ಎಂದಳು. “ಗಂಟು ಬಿಗಿಯಾಗೈತೆ, ಅಲ್ಲೋಗೇ ಬಿಚ್ಚು.”

ಬಚ್ಚಲ ನೀರು ಕುಡಿದು ಬೆಳೆದ ಮರದ ಕಾಯಿ ಎಂದರೆ ಮನೆಯ ಕಾಯಿಗಳಲ್ಲೇ ದೊಡ್ಡದು. ಗಂಡನಿಗೆ ಕಾಣದಂತೆ ರಾಶಿಯಿಂದ ಎತ್ತಿಕೊಂಡು ಬಂದಿದ್ದಾಳೆ ಪಾಪ, ಎಂದುಕೊಂಡು ದಾನೇಶ್ವರಿ ಚೀಲ ಈಸಿಕೊಂಡಳು. ರೈಲು ಹೊರಟಿತು.

ಆ ರಾತ್ರಿ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿದ್ದು, ಬೆಳಿಗ್ಗೆ ಆರು ಗಂಟೆಯ ರೈಲಿಗೆ ಗಂಡಹೆಂಡಿರು ಎರ್ನಾಕುಲಮ್ಮಿಗೆ ಹೊರಟರು. ಗಂಡ ತೋಂಟದಾರ್ಯ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರಿ. ಆಸಾಮಿ ಒಳ್ಳೆಯವನೇ, ಆದರೆ ಹಣೆಗೆ ವಿಭೂತಿ ಹಚ್ಚಿಕೊಳ್ಳುವುದಕ್ಕೇ ಕಾಲು ಗಂಟೆ ತೆಗೆದುಕೊಳ್ಳುವ ಪೈಕಿ. ಎದುರಿಗೆ ಕೂತಿದ್ದ ತ್ರಿಶ್ಶೂರಿನ ಯಜಮಾನರೊಬ್ಬರು ಚೀಲದಲ್ಲೇನು ಎಂದು ಅರೆಬರೆ ಕನ್ನಡದಲ್ಲಿ ಕೇಳಿದರು. ತೆಂಗಿನಕಾಯಿ ಎಂದು ತಿಳಿದ ಮೇಲೆ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. ತೋಂಟದಾರ್ಯನಿಗೆ ಮೂಗಿನ ತುದಿಗೇ ಸಿಟ್ಟು ಬಂತು.

“ನೋಡಿ ಸ್ವಾಮಿ, ನಿಮ್ಮ ಕಾಯಿ ಗಾಣಕ್ಕೆ. ನಮ್ಮ ಕಾಯಿ ಬಾಯಿಗೆ,” ಎಂದು ತಿಪಟೂರು ಕೊಬ್ಬರಿಯ ಮಹಿಮೆಯನ್ನು ಪಾಲಕ್ಕಾಡು ದಾಟುವವರೆಗೂ ಹೇಳಿದ.

ದಾನೇಶ್ವರಿಯ ಕಿವಿಗೆ ಅದು ಯಾವುದೂ ಬೀಳಲಿಲ್ಲ. ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಸಮುದ್ರ ನೋಡಿದ್ದು ಒಂದೇ ಸಲ, ಧರ್ಮಸ್ಥಳದ ಟೂರಿನಲ್ಲಿ, ದೂರದಿಂದ. ಈಗ ಅದರ ಮೇಲೆ ಕೂತು ಊಟ! ಅದೂ ಸುನಂದಾಳ ಮದುವೆಯ ಊಟ! ಹೊಸ ಸೀರೆಯ ನೆರಿಗೆ ಹೇಗಿಡಬೇಕು, ಬೋಟು ಅಲುಗಾಡಿದರೆ ಸಾರು ಚೆಲ್ಲುವುದಿಲ್ಲವೇ, ಗಂಡಿನ ತಾಯಿಗೆ ಏನೆಂದು ನಮಸ್ಕಾರ ಹೇಳಬೇಕು, ಇದೇ ಯೋಚನೆ. ಹತ್ತು ನಿಮಿಷಕ್ಕೊಮ್ಮೆ ಕಾಲಿನಿಂದ ತಡವಿ ಚೀಲ ಇದೆಯೇ ಎಂದು ನೋಡಿಕೊಳ್ಳುತ್ತಿದ್ದಳು.

ಐದು ಗಂಟೆಗೆ ಇಳಿದು ಲಾಡ್ಜ್ ಸೇರಿದರು. ಸುನಂದಾಳ ಫೋನ್ ಬಂತು.

“ಆರೂವರೆ ಅಂದ್ರೆ ಆರೂವರೆ ಕಣೇ ದಾನಿ.”

“ಆಯ್ತು ಬುಡೇ, ಮದುವಣಗಿತ್ತಿ ಹಿಂಗೆಲ್ಲ ಗಾಬರಿ ಆಗ್ಬಾರ್ದು.”

ಸತ್ಯ ಹೇಳಬೇಕೆಂದರೆ ಆ ದಿನ ತೋಂಟದಾರ್ಯನೇ ಮೊದಲು ತಯಾರಾದ. ರೇಷ್ಮೆ ಪಂಚೆ ಉಟ್ಟು, ವಿಭೂತಿ ಧರಿಸಿ, ಆರೂ ಹತ್ತಕ್ಕೆ ಬಾಗಿಲಲ್ಲಿ ನಿಂತು “ಹೋಗಾಣ್ವಾ?” ಎಂದ.

“ಈಗ್ಲೇ ಹೋಗಿ ಕುರ್ಚಿ ಎಣಿಸೋಕಾ? ಸುಮ್ಕೆ ಕೂತ್ಕಳ್ರೀ. ಒಂದ್ ಕಾಫಿ ತರ್ಸಿ,” ಎಂದಳು ದಾನೇಶ್ವರಿ, ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡು. ಕಾಫಿ ಬಂತು. ಅದರಲ್ಲಿ ಚಿಕೋರಿ ಇಲ್ಲವೆಂದು ತೋಂಟದಾರ್ಯ ಬೇಜಾರು ಮಾಡಿಕೊಂಡ. ಅವಳು ಮಲ್ಲಿಗೆ ಮುಡಿದಳು, ತೆಗೆದಳು, ಮತ್ತೆ ಮುಡಿದಳು. ಬೋಟಿನ ಕಟ್ಟೆಗೆ ಬಂದು ಇಳಿದಾಗ ಏಳಕ್ಕೆ ಹತ್ತು ನಿಮಿಷ. ಅವಳ ಲೆಕ್ಕದಲ್ಲಿ ಅದು ನಾಚಿಕೆಯಾಗುವಷ್ಟು ಬೇಗ.

ಕಟ್ಟೆ ಖಾಲಿಯಾಗಿತ್ತು. ಕಂಬಕ್ಕೆ ಸುತ್ತಿದ ಸೇವಂತಿಗೆ ಹಾರ, ನೆಲದ ಮೇಲೆ ನಾಲ್ಕು ಗುಲಾಬಿ ಪಕಳೆ, ಸ್ಟೂಲಿನ ಮೇಲೆ ಒಬ್ಬ ವಾಚ್‌ಮನ್. ನೀರಿನ ನಡುವೆ, ಎರಡು ಫರ್ಲಾಂಗು ಆಚೆ, ಸೀರಿಯಲ್ ಸೆಟ್ಟು ಹೊತ್ತಿಸಿಕೊಂಡ ಎರಡು ಅಂತಸ್ತಿನ ಬೋಟೊಂದು ಚೆಂಡೆ ಬಾರಿಸಿಕೊಂಡು ಹೋಗುತ್ತಿತ್ತು.

ದಾನೇಶ್ವರಿ ಇಷ್ಟು ವರ್ಷದಲ್ಲಿ ಹೆಣ್ಣು ತಡವಾಗಿದ್ದು ನೋಡಿದ್ದಳು, ಗಂಡು ತಡವಾಗಿದ್ದು ನೋಡಿದ್ದಳು, ಅಡುಗೆಯವರು ಜಗಳವಾಡಿ ಓಡಿಹೋಗಿದ್ದೂ ನೋಡಿದ್ದಳು. ಛತ್ರವೇ ಎದ್ದು ಹೊರಟುಹೋಗಿದ್ದನ್ನು ಮಾತ್ರ ನೋಡಿರಲಿಲ್ಲ.

“ಸಿಕ್ಸ್ ಥರ್ಟಿ ಬೋಟ್!” ಎಂದ ವಾಚ್‌ಮನ್, ತನ್ನ ವಾಚು ತೋರಿಸಿ. “ಫಿಫ್ಟೀನ್ ಮಿನಿಟ್ಸ್ ವೆಯ್ಟಿಂಗ್. ಬ್ರೈಡ್ ಇಲ್ಲೇ ನಿಂತು, ಲುಕಿಂಗ್, ಲುಕಿಂಗ್.” ಅವನು ರಸ್ತೆಯ ಕಡೆ ಕತ್ತು ಚಾಚಿ ಹಣೆಗೆ ಕೈ ಇಟ್ಟು ತೋರಿಸಿದ.

ಅದನ್ನು ನೋಡಿ ದಾನೇಶ್ವರಿ ಹಣೆ ಚಚ್ಚಿಕೊಂಡಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮದುವಣಗಿತ್ತಿ ಕಟ್ಟೆಯ ಮೇಲೆ ನಿಂತು ತನಗಾಗಿ ದಾರಿ ಕಾಯುತ್ತಿದ್ದಾಗ ತಾನು ಚಿಕೋರಿ ಇಲ್ಲದ ಕಾಫಿ ಕುಡಿಯುತ್ತಿದ್ದಳಲ್ಲ! ಮೊದಲೇ ಅವಳ ಕಡೆಯವರು ಯಾರೂ ಇಲ್ಲ. ಏಳೂವರೆಗೆ ಆ ಮುದುಕಿ ದೀಪ ಹಿಡಿಯುತ್ತಾಳೆ. ಬರಿಮಡಿಲಲ್ಲಿ ಸುನಂದಾ ಹೊಸ್ತಿಲ ಮುಂದೆ ನಿಲ್ಲಬೇಕು. ಫೋನು ಮಾಡಿದರೆ ಗಂಟೆ ಹೊಡೆಯುತ್ತದೆ, ಎತ್ತುವವರಿಲ್ಲ. ಚೆಂಡೆಯ ಸದ್ದಿನಲ್ಲಿ ಯಾರಿಗೆ ಕೇಳಬೇಕು?

“ಎಲ್ಲಾ ನನ್ನಿಂದಾನೇ ಕಣ್ರೀ,” ಎಂದಳು. ಅಳು ಬಂತು.

ತೋಂಟದಾರ್ಯ ಬೇರೆ ಯಾವ ದಿನವಾದರೂ ‘ನಾನಾಗ್ಲೇ ಹೇಳ್ಲಿಲ್ವಾ’ ಎನ್ನುತ್ತಿದ್ದ. ಅವತ್ತು ಅನ್ನಲಿಲ್ಲ. ಅದೊಂದು ಕಾರಣಕ್ಕೆ ಅವನಿಗೆ ನೂರು ತಪ್ಪು ಮಾಫು ಮಾಡಬಹುದು. ರೇಷ್ಮೆ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ, ಚೀಲ ಹೆಗಲಿಗೆ ಹಾಕಿ, ವಾಚ್‌ಮನ್ನನ್ನು ಕೇಳಿದ. “ಬೇರೆ ಬೋಟ್ ಇಲ್ವೇನಪ್ಪ?”

“ಫೋರ್ಟ್ ಕೊಚ್ಚಿ ಬೋಟ್! ಆ ಜೆಟ್ಟಿ! ಓಡಿ!”

ಆಟೊ ಹತ್ತಿ ಮುಂದಿನ ಕಟ್ಟೆಗೆ ಹೋದರೆ ಜನ ತುಂಬಿಕೊಂಡ ಮಾಮೂಲಿ ಸರ್ಕಾರಿ ದೋಣಿ ಹಗ್ಗ ಬಿಚ್ಚುತ್ತಿತ್ತು. ಕಚೇರಿ ಮುಗಿಸಿದವರು, ಸೊಪ್ಪಿನ ಬುಟ್ಟಿಯವರು, ಯೂನಿಫಾರಂ ಹಾಕಿದ ಮಕ್ಕಳು. ದಾನೇಶ್ವರಿ ನೆರಿಗೆ ಹಿಡಿದು ಹಾರಿದಳು. ಹಾರಿದ್ದು ತಾನೇ ಎಂದು ಆಮೇಲೆ ಅವಳಿಗೇ ನಂಬಿಕೆ ಬರಲಿಲ್ಲ. ಜನರನ್ನು ಸೀಳಿಕೊಂಡು ನೇರವಾಗಿ ಚುಕ್ಕಾಣಿ ಹಿಡಿದು ನಿಂತಿದ್ದವನ ಹತ್ತಿರ ಹೋಗಿ, ಮೊಬೈಲಿನಲ್ಲಿದ್ದ ಲಗ್ನಪತ್ರಿಕೆ ತೆಗೆದು ಅವನ ಮೂಗಿನ ಮುಂದೆ ಹಿಡಿದಳು. ಪತ್ರಿಕೆಯಲ್ಲಿ ಗಂಡುಹೆಣ್ಣಿನ ಫೋಟೊ ಇತ್ತು.

“ಸುಕುಮಾರನ್!” ಎಂದಳು. ಎದೆ ಮುಟ್ಟಿಕೊಂಡು “ಫ್ರೆಂಡ್! ಹುಡುಗಿ ಫ್ರೆಂಡ್!” ಎಂದಳು. ದೂರದ ದೀಪದ ಬೋಟಿನ ಕಡೆ ಕೈ ತೋರಿಸಿ ಅತ್ತಳು.

ದೋಣಿಯವನು ಬಿಳೀ ಮೀಸೆಯ ಮನುಷ್ಯ. ಫೋಟೊ ನೋಡಿದ್ದೇ ಮುಖವೆಲ್ಲ ಅರಳಿತು. “ನಮ್ಮುಡೆ ಸುಕು!” ಎಂದು ಕೂಗಿದ. ಅದು ಅರ್ಥವಾಗಲು ಯಾರ ಸಹಾಯವೂ ಬೇಕಾಗಲಿಲ್ಲ. ಇವನೂ ಸುಕುಮಾರನ್ ಜೊತೆಯವನೇ, ಡ್ಯೂಟಿ ಇದ್ದದ್ದರಿಂದ ಊಟಕ್ಕೆ ಹೋಗಲಾಗದೆ ಕರುಬುತ್ತಿದ್ದವನು. ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಫೋನು. ಭೋಂ ಎಂದು ಹಾರ್ನು ಬಾರಿಸಿದ. ಒಂದು ಸಲವಲ್ಲ, ಮೂರು ಸಲ. ದೀಪದ ಬೋಟಿನಲ್ಲಿ ಚೆಂಡೆ ನಿಂತಿತು. ಬೋಟು ನಿಧಾನವಾಯಿತು.

ಸೊಪ್ಪಿನ ಬುಟ್ಟಿಯ ಹೆಂಗಸು ಏನು ವಿಷಯ ಎಂದು ಕೇಳಿದಳು, ಯಾರೋ ಹೇಳಿದರು, ಅದು ಬಾಯಿಂದ ಬಾಯಿಗೆ ಹಬ್ಬಿ ಎಂಜಿನ್ನಿನ ಹತ್ತಿರ ಹೋಗುವಷ್ಟರಲ್ಲಿ ಇಡೀ ದೋಣಿಯೇ ಹೆಣ್ಣಿನ ಕಡೆಯವರಾಗಿತ್ತು. ಎಲ್ಲರೂ ಒಂದೇ ಪಕ್ಕಕ್ಕೆ ನುಗ್ಗಿದರು. ಟಿಕೆಟ್ ಕೊಡುವವನು ಅರ್ಧ ಜನರನ್ನು ಗದರಿಸಿ ಇನ್ನೊಂದು ಪಕ್ಕಕ್ಕೆ ಕಳಿಸಬೇಕಾಯಿತು.

ಎರಡು ದೋಣಿಗಳೂ ಜೊತೆಜೊತೆಗೆ ಬಂದವು. ನಡುವೆ ಇಪ್ಪತ್ತಡಿ ಕಪ್ಪು ನೀರು. ಅಲ್ಲಿ ಕೆಳ ಅಂತಸ್ತಿನ ಕಟಕಟೆ ಹಿಡಿದು ಸುನಂದಾ ನಿಂತಿದ್ದಳು. ಮಾವಿನ ಹಸಿರು ಸೀರೆ, ತಲೆ ತುಂಬ ಹೂವು. ಕಣ್ಣು ಕೆಂಪಾಗಿತ್ತು.

“ದಾನೀ! ಬಂದ್ಯೇನೇ!”

“ಬಂದೆ ಕಣೇ! ತಪ್ಪಾಯ್ತು ಕಣೇ!”

ಬಿಳೀ ಮೀಸೆಯವನು ದಾನೇಶ್ವರಿಯ ಕಡೆ ತಿರುಗಿ ಎರಡೂ ಕೈಯನ್ನು ಅಡ್ಡಡ್ಡ ಆಡಿಸಿದ. ನಡುನೀರಿನಲ್ಲಿ ಜನರನ್ನು ಒಂದು ದೋಣಿಯಿಂದ ಇನ್ನೊಂದಕ್ಕೆ ಹತ್ತಿಸುವಂತಿಲ್ಲ, ಕಾನೂನು. ಇದಕ್ಕಿಂತ ಹತ್ತಿರವೂ ಹೋಗುವಂತಿಲ್ಲ. ತನ್ನ ದೋಣಿ ಹೋಗುವುದು ಫೋರ್ಟ್ ಕೊಚ್ಚಿಗೆ, ಆ ಬೋಟು ಎದುರಿನ ವೈಪೀನಿಗೆ. ಫೋರ್ಟ್ ಕೊಚ್ಚಿಯಲ್ಲಿ ಇಳಿದು ಇನ್ನೊಂದು ದೋಣಿ ಹಿಡಿದು ಬರುವಷ್ಟರಲ್ಲಿ ಏಳೂವರೆ ದಾಟಿರುತ್ತದೆ. ಇಷ್ಟನ್ನೂ ಅವನು ಕೈಸನ್ನೆಯಲ್ಲೇ ಹೇಳಿ, ಎರಡು ಬೆರಳು ತೋರಿಸಿದ. ಎರಡು ನಿಮಿಷ, ಅಷ್ಟೇ.

ದಾನೇಶ್ವರಿ ನೀರು ನೋಡಿದಳು. ಸುನಂದಾಳನ್ನು ನೋಡಿದಳು. ನಡುವಿನ ದೂರ ನೋಡಿದಳು. ಅಟ್ಟ ಹದಿನೈದಡಿ ಇತ್ತು, ಅದೂ ಮೇಲಕ್ಕೆ. ಇದು ಇಪ್ಪತ್ತಡಿ, ಆದರೆ ಸಮತಟ್ಟು.

“ಸುನಂದಾ! ಸೆರಗು ಕಟ್ಕೊಳೇ! ಅಟ್ಟ ತುಂಬಾಣ!”

ಆಚೆ ಸುನಂದಾ ಬಾಯಿ ತೆರೆದು ನಕ್ಕಳು. ರೇಷ್ಮೆ ಸೆರಗನ್ನು ಸರ್ರನೆ ಎಳೆದು ಸೊಂಟಕ್ಕೆ ಸಿಕ್ಕಿಸಿ ಮಡಿಲು ಮಾಡಿಕೊಂಡಳು. ಕಾಲು ಅಗಲಿಸಿ ನಿಂತಳು. ಬೀಗರು ಕಣ್ಣುಕಣ್ಣು ಬಿಟ್ಟುಕೊಂಡು ಹಿಂದಕ್ಕೆ ಸರಿದರು.

ತೋಂಟದಾರ್ಯ ಚೀಲದ ಗಂಟಿಗೆ ಹಲ್ಲು ಹಾಕಿದ. ಬಿಚ್ಚಿತು. ದಾನೇಶ್ವರಿ ಒಳಗೆ ಕೈ ಹಾಕಿ ಮೊದಲ ಕಾಯಿ ಎತ್ತಿದವಳು ಹಾಗೇ ನಿಂತುಬಿಟ್ಟಳು.

ಕಾಯಿಯ ಜುಟ್ಟನ್ನು ಮೂರು ಎಳೆ ಮಾಡಿ ಜಡೆ ಹೆಣೆಯಲಾಗಿತ್ತು. ತುದಿಗೆ ಒಂದು ಕೆಂಪು ದಾರ. ಎರಡನೆಯದಕ್ಕೂ ಜಡೆ. ಐದಕ್ಕೂ ಜಡೆ. ವನಜಾಕ್ಷಿ ಕದ್ದು ತಂದ ಕಾಯಿಗಳಲ್ಲ ಇವು. ಆ ಮನೆಯಲ್ಲಿ ಹೀಗೆ ಹೆಣೆಯುವ ಕೈ ಒಂದೇ. ತಂಗಿಯ ಹೆಸರನ್ನೇ ಎತ್ತದವನು, ಅಂಗಡಿಯಲ್ಲಿ ತಗೋ ಎಂದವನು ಕೂತು ಒಂದೊಂದಾಗಿ ಸುಲಿದು, ಬಾಚಿ, ಹೆಣೆದು ಕಳಿಸಿದ್ದಾನೆ.

“ಹಾಕೇ! ಟೈಮಾಯ್ತದೆ!” ಎಂದ ತೋಂಟದಾರ್ಯ.

ಎಸೆದಳು. ಕಾಯಿ ಸೀರಿಯಲ್ ಸೆಟ್ಟಿನ ಬೆಳಕಿನಲ್ಲಿ ಜಡೆ ಹಾರಿಸಿಕೊಂಡು ಹೋಗಿ ಸುನಂದಾಳ ಎರಡು ಕೈಯ ನಡುವೆ ಟಪ್ ಎಂದು ಕೂತಿತು. ಇಪ್ಪತ್ತೈದು ವರ್ಷದ ಮೇಲೂ ಆ ಕೈಗಳು ಏನೂ ಮರೆತಿರಲಿಲ್ಲ. “ಒನ್ನ್!” ಎಂದು ಇಡೀ ದೋಣಿ ಮಲಯಾಳದಲ್ಲಿ ಲೆಕ್ಕ ಹಿಡಿದು ಕೂಗಿತು.

ಸುನಂದಾ ಕಾಯಿಯನ್ನು ಮಡಿಲಿಗೆ ಹಾಕಲು ಹೋದವಳು ಅದನ್ನು ನೋಡಿದಳು. ಜಡೆಯ ಮೇಲೆ ಹೆಬ್ಬೆರಳು ಆಡಿಸಿದಳು. ಮುಖ ಎತ್ತಿದಾಗ ಕೆನ್ನೆಯ ಮೇಲೆಲ್ಲ ನೀರು.

“ದಾನೀ! ಅಣ್ಣನ ಜಡೆ ಕಣೇ! ಅಣ್ಣ ಹೆಣ್ದಿದ್ದು!”

“ಹೂಂ ಕಣೇ! ಅಳಬ್ಯಾಡ, ಕಣ್ಣು ಮಂಜಾಯ್ತದೆ! ಇನ್ನೂ ನಾಕವೆ, ಹಿಡಿ!”

“ರಂಡ್!” ಎಂದರು ಜನ. “ಮೂನ್ನ್!” ಯೂನಿಫಾರಂ ಮಕ್ಕಳು ಬೆಂಚು ಹತ್ತಿ ಕುಣಿಯುತ್ತಿದ್ದರು. ಆಚೆ ಬೋಟಿನ ಮೇಲಂತಸ್ತಿನವರೂ ಬಗ್ಗಿ ನೋಡಿ ಚಪ್ಪಾಳೆ ತಟ್ಟತೊಡಗಿದರು. ಯಾರೋ ಚೆಂಡೆಯವನು ಪ್ರತಿ ಕಾಯಿಗೂ ಒಂದೊಂದು ಪೆಟ್ಟು ಹಾಕಿದ. “ನಾಲ್!” ನಾಲ್ಕನೆಯದು ಸ್ವಲ್ಪ ಎಡಕ್ಕೆ ಹೋಯಿತು, ಸುನಂದಾ ಒಂದೇ ಕೈಯಲ್ಲಿ ಹಿಡಿದಳು. ತೋಂಟದಾರ್ಯ “ಭಲೇ!” ಎಂದು ಪಕ್ಕದವನ ಬೆನ್ನಿಗೆ ಗುದ್ದಿದ.

ಐದನೆಯದನ್ನು ಎತ್ತಿ ಕೈ ಹಿಂದಕ್ಕೆ ಬೀಸಿದಳು. ಅದೇ ಹೊತ್ತಿಗೆ ದೊಡ್ಡ ಹಡಗೊಂದು ಆಚೆ ಹಾದುಹೋದ ಅಲೆ ಬಂದು ದೋಣಿಗೆ ಬಡಿಯಿತು. ಕಾಲ ಕೆಳಗಿನ ಹಲಗೆ ಜಾರಿತು. ಕಾಯಿ ಕೈ ಬಿಟ್ಟಿತು, ಆದರೆ ಬಿಡಬೇಕಾದ ರೀತಿಯಲ್ಲಿ ಬಿಡಲಿಲ್ಲ. ಆಚೆಯ ಕಟಕಟೆಗೆ ಠಣ್ ಎಂದು ಬಡಿದು ನೀರಿಗೆ ಬಿತ್ತು.

ಎರಡೂ ದೋಣಿಯವರು ಕಟಕಟೆಯ ಮೇಲೆ ಬಗ್ಗಿದರು. ನಾಲ್ಕು ಕಾಯಿಯ ಮಡಿಲು ಮಡಿಲಲ್ಲ. ಬೇರೆ ಕಾಯಿ ಹಾಕಬಹುದು, ಕೇರಳದಲ್ಲಿ ಕಾಯಿಗೇನು ಕಮ್ಮಿ? ಆದರೆ ಆ ಜಡೆಯದು ಇನ್ನೊಂದು ಎಲ್ಲಿಂದ ತರುವುದು? ದಾನೇಶ್ವರಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು.

ಕಾಯಿ ಒಂದು ಸಲ ಮುಳುಗಿ, ಮೇಲಕ್ಕೆ ಬಂದು, ತೇಲಿತು. ಅಲೆಯ ಮೇಲೆ ಕೂತು ಮೆಲ್ಲಗೆ ದೂರ ಹೊರಟಿತು.

ಆಗ ಬಿಳೀ ರೇಷ್ಮೆ ಪಂಚೆಯ ಒಬ್ಬ ಎತ್ತರದ ಮನುಷ್ಯ ಜನರನ್ನು ತಳ್ಳಿಕೊಂಡು ಬಂದು ಕಟಕಟೆಯ ಸಂದಿಯಲ್ಲಿ ಹೊಟ್ಟೆ ಕೆಳಗೆ ಮಾಡಿ ಮಲಗಿಬಿಟ್ಟ. ಸುಕುಮಾರನ್! ಇಬ್ಬರು ಅವನ ಕಾಲು ಹಿಡಿದರು. ಎದೆಯವರೆಗೂ ಹೊರಗೆ ನೇತಾಡಿ ಕೈ ಚಾಚಿದ. ಬೆರಳಿಗೆ ಕಾಯಿ ತಾಕಿ ಜಾರಿತು. ಮತ್ತೆ ಚಾಚಿದ, ಮತ್ತೆ ಜಾರಿತು. ನುಣ್ಣನೆಯ ಗುಂಡು ಕಾಯಿ, ನೆನೆದದ್ದು, ಒಂದೇ ಕೈಯ ಹಿಡಿತಕ್ಕೆ ಎಲ್ಲಿ ಸಿಗಬೇಕು?

“ಜಡೆ ಹಿಡೀರಿ! ಜಡೆ!” ಎಂದು ಸುನಂದಾ ಕಿರುಚಿದಳು.

ಕನ್ನಡ ಎಷ್ಟು ಕಲಿತಿದ್ದನೋ, ಆ ಮಾತು ಅವನಿಗೆ ತಿಳಿಯಿತು. ಮೂರನೇ ಸಲ ಸುಕುಮಾರನ್ ಕಾಯಿಯನ್ನು ಬಿಟ್ಟು ಅದರ ಜಡೆಗೆ ಕೈ ಹಾಕಿದ. ಬಸವರಾಜು ಹೆಣೆದ ಜಡೆ ಬಿಚ್ಚಿಕೊಳ್ಳಲಿಲ್ಲ. ಕಾಯಿ ನೀರು ಸುರಿಸುತ್ತಾ ಮೇಲೆ ಬಂತು. ಅವನು ಎದ್ದು, ಒದ್ದೆ ಅಂಗಿಯಲ್ಲೇ, ಅದನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮಡಿಲಿಗೆ ಇಟ್ಟ.

“ಅಂಜ್!” ಎಂದು ಬಂದರೆಲ್ಲ ಕೇಳುವಂತೆ ಕೂಗಿದರು. ಬಿಳೀ ಮೀಸೆಯವನು ಹಾರ್ನು ಒತ್ತಿದ ಕೈಯನ್ನು ತೆಗೆಯಲೇ ಇಲ್ಲ. ಸೊಪ್ಪಿನ ಹೆಂಗಸು ದಾನೇಶ್ವರಿಯನ್ನು ತಬ್ಬಿಕೊಂಡು ಅವಳ ಮಲ್ಲಿಗೆಯನ್ನೆಲ್ಲ ಹಿಸುಕಿಹಾಕಿದಳು.

ಫೋರ್ಟ್ ಕೊಚ್ಚಿಯಲ್ಲಿ ಇಳಿದು, ಎದುರು ದಡಕ್ಕೆ ಹೋಗುವ ಇನ್ನೊಂದು ದೋಣಿ ಹಿಡಿದು ಗಂಡಹೆಂಡಿರು ವೈಪೀನ್ ಸೇರಿದಾಗ ಎಂಟಕ್ಕೆ ಹತ್ತು ನಿಮಿಷ. ಮನೆ ತುಂಬಿಸಿಕೊಂಡು ಆಗಿತ್ತು. ಆದರೆ ಬೋಟು ಕಾದಿತ್ತು. ಈ ಸಲ ಸುಕುಮಾರನ್ನೇ ಕಟ್ಟೆಯ ಮೇಲೆ ನಿಂತು ಕೈ ಹಿಡಿದು ಹತ್ತಿಸಿಕೊಂಡ. ಅವನ ತಾಯಿ ತುಂಬಿದ ಮಡಿಲನ್ನು ಮುಟ್ಟಿ ನೋಡಿ, ಒಂದೊಂದು ಜಡೆಯನ್ನೂ ಎಳೆದು ನೋಡಿ ನಕ್ಕಳಂತೆ.

ಊಟಕ್ಕೆ ಬಾಳೆಲೆ. ಇವರಿಗೆಂದು ಬೇರೆ ಮೂಲೆಯಲ್ಲಿ ಸಸ್ಯಾಹಾರದ ಪಂಕ್ತಿ. ತೋಂಟದಾರ್ಯ ಪ್ರತಿ ಪಲ್ಯವನ್ನೂ ಮೂಸಿ ನೋಡಿ, ಕಡೆಗೆ ಧೈರ್ಯ ಮಾಡಿ, ಆಮೇಲೆ ಮೂರು ಸಲ ಬಡಿಸಿಕೊಂಡ. ಬೋಟು ಅಲುಗಾಡಿದರೂ ಸಾರು ಚೆಲ್ಲಲಿಲ್ಲ. ಸುತ್ತಲೂ ನೀರಿನ ಮೇಲೆ ದೀಪಗಳು. ದಾನೇಶ್ವರಿಗೆ ಖುಷಿ ತಡೆಯಲಾಗದೆ ಸುಮ್ಮಸುಮ್ಮನೆ ನಗು ಬರುತ್ತಿತ್ತು. ಅಕ್ಕಿ, ಬೆಲ್ಲ, ಹಸಿರು ಬಳೆ ಎಲ್ಲವನ್ನೂ ಸುನಂದಾಳ ಮಡಿಲಿಗೆ ಹಾಕಿ, ಐದು ಕಾಯಿಯೂ ಕಾಣುವಂತೆ ಒಂದು ಫೋಟೊ ತೆಗೆದು ವನಜಾಕ್ಷಿಗೆ ಕಳಿಸಿದಳು.

ಪಾಯಸ ಬರುವ ಹೊತ್ತಿಗೆ ಫೋನು ಬಡಿದುಕೊಂಡಿತು. ವನಜಾಕ್ಷಿಯ ನಂಬರು. ಆದರೆ ಗಂಟಲು ಗಂಡಸಿನದು.

“ಫೋಟೊ ನೋಡ್ದೆ. ನಾಕು ಒಣಗೈತೆ, ಒಂದ್ ಯಾಕಮ್ಮ ನೆಂದೈತೆ?”

ದಾನೇಶ್ವರಿ ಸ್ಪೀಕರ್ ಒತ್ತಿ ಫೋನನ್ನು ಸುನಂದಾಳ ಎಲೆಯ ಪಕ್ಕ ಇಟ್ಟಳು.

“ಅಣ್ಣಾ,” ಎಂದಳು ಸುನಂದಾ. “ನೀರಿಗೆ ಬಿತ್ತು ಅಣ್ಣ.”

ಆ ಕಡೆಯಿಂದ ಹಸುವಿನ ಕೊರಳ ಗಂಟೆ ಕೇಳಿಸಿತು.

“ಯಾರು ಎತ್ತಿದ್ದು?”

“ಇವ್ರೇ ಅಣ್ಣ. ಮಕಾಡೆ ಮಲ್ಗಿ, ಜಡೆ ಹಿಡ್ದು ಎತ್ತಿದ್ರು. ನಿಂಗೆ ಒಂದು ಮಾತು ಕೇಳ್ದೆ ತಪ್ಪು ಮಾಡ್ದೆ ಅಣ್ಣ…”

“ಆಯ್ತು ಬುಡು,” ಎಂದ ಬಸವರಾಜು. “ಆ ನೆಂದಿದ್ದನ್ನ ಮೊದ್ಲು ಒಡ್ದು ಅಡಿಗೆಗೆ ಹಾಕು. ಉಪ್ಪುನೀರು ಮುಟ್ಟಿದ ಕಾಯಿ ಬಾಳ ದಿನ ತಡೆಯಲ್ಲ.”

“ಹೂಂ ಅಣ್ಣ.”

“ಮಿಕ್ಕಿದ್ ನಾಕ್ನ ಒಡೀಬ್ಯಾಡ. ನಾನ್ ಬರೋಗಂಟ ಇರ್ಲಿ.”

ಫೋನು ಕಟ್ಟಾಯಿತು. ಸುನಂದಾ ಮಡಿಲಿನ ಕಾಯಿಗಳ ಮೇಲೆ ಎರಡೂ ಕೈ ಮುಚ್ಚಿಕೊಂಡು ಕೂತಳು. ಸುಕುಮಾರನ್ ಏನೆಂದು ಕಣ್ಣಿನಲ್ಲೇ ಕೇಳಿದ. ದಾನೇಶ್ವರಿ ಅವನಿಗೆ ನಾಲ್ಕು ಬೆರಳು ತೋರಿಸಿ, ಮೂಗು ಒರೆಸಿಕೊಂಡು, ಪಾಯಸದವನನ್ನು ಕೂಗಿದಳು.